ಕೈಬಿಡದ ದೇವರು

ನನ್ನ ಅಕ್ಕನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಹಾಕಿದ ಮೇಲೆ ಆಸ್ಪತ್ರೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ದೇವರು ಕೈಬಿಡಲಿಲ್ಲ ನೋಡಿ." ಬ್ಯಾಂಡೇಜಿನ ಉಂಡೆ ಎದುರಿಗೇ ಇತ್ತು, ಆದರೂ ಒಬ್ಬರ ನಾಲಿಗೆಯೂ ತಡವರಿಸಲಿಲ್ಲ. ಬಿಟ್ಟಿದ್ದು ಕೈಯನ್ನೇ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ ಅಕ್ಕನೇ ಗದರಿದಳು. "ಬಾಯಿ ಮುಚ್ಕೊಂಡಿರು. ಪ್ರಾಣ ಉಳಿಸಿದಾನಲ್ಲ."

ಅಕ್ಕ ತಂಗಿ ನಾವಿಬ್ಬರೂ ಲಾಂಡ್ರಿಯಲ್ಲಿ ದುಡಿಯುವವರು. ಹೋಟೆಲುಗಳ ಹಾಸು ಹೊದಿಕೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಕೆಲಸ. ಅಕ್ಕ ಹಬೆಯಿಂದ ಕಾಯುವ ಇಸ್ತ್ರಿ ರೋಲರ್ ಮುಂದೆ ನಿಂತು ಒದ್ದೆ ಬಟ್ಟೆಯನ್ನು ಒಳಗೆ ಬಿಡುತ್ತಿದ್ದಳು, ನಾನು ಆಚೆ ಬದಿಯಲ್ಲಿ ಮಡಚುತ್ತಿದ್ದೆ. ರೋಲರ್‌ನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇದೆ. ಬೆರಳು ತಾಗಿತೋ, ಮೆಷಿನ್ ಗಕ್ಕನೆ ನಿಲ್ಲುತ್ತದೆ. ದಪ್ಪ ಬಟ್ಟೆ ತಾಗಿದರೂ ನಿಲ್ಲುತ್ತದೆ, ಕೆಲಸ ಹಿಂದೆ ಬೀಳುತ್ತದೆ ಎಂದು ಯಜಮಾನ ಆ ಪಟ್ಟಿಯನ್ನು ಮೇಲಕ್ಕೆತ್ತಿ ಹಗ್ಗದಿಂದ ಬಿಗಿದು, ಅದರ ಮೇಲ್ಗಡೆ ದೇವರ ಪಟ ತೂಗುಹಾಕಿದ್ದ. ಮಹಾ ಭಕ್ತ. ಬೆಳಿಗ್ಗೆ ಪಟಕ್ಕೆ ಕೈಮುಗಿಯದೆ ಯಾರೂ ಸ್ವಿಚ್ ಹಾಕುವಂತಿರಲಿಲ್ಲ. ಅಕ್ಕ ಅವನಿಗಿಂತ ಹೆಚ್ಚು ಹೊತ್ತು ಕೈಮುಗಿಯುತ್ತಿದ್ದಳು. ಯಾರಿಗೂ ಕೇಡು ಬಯಸಿದವಳಲ್ಲ, ಪಕ್ಕದವಳಿಗೆ ಜ್ವರ ಬಂದರೆ ಅವಳ ಪಾಲಿನದನ್ನೂ ಮಾಡಿ ಮುಗಿಸಿದವಳು. ರೋಲರ್ ಅದನ್ನೆಲ್ಲ ವಿಚಾರಿಸಲಿಲ್ಲ.

ಅಕ್ಕ ಮನೆಗೆ ಬಂದ ಮೇಲೆ ಯಜಮಾನ ನೋಡಲು ಬಂದ. ಕುರ್ಚಿಯ ತುದಿಯಲ್ಲಿ ಕೂತು ಕಣ್ಣು ಒರೆಸಿಕೊಂಡ. ಕಣ್ಣು ಒದ್ದೆಯಾಗಿರಲಿಲ್ಲ, ನಾನು ನೋಡಿದೆ.

"ಒಳ್ಳೆಯವರನ್ನೇ ದೇವರು ಪರೀಕ್ಷೆ ಮಾಡೋದು ತಾಯಿ," ಎಂದ.

"ಅದಕ್ಕೇ ನಿಮ್ಮ ತಂಟೆಗೆ ಬಂದಿಲ್ಲ ಅನ್ಸುತ್ತೆ ಯಜಮಾನ್ರೇ," ಎಂದೆ ನಾನು.

ಕೇಳಿಸದವನಂತೆ ಅವನು ಬಂದ ವಿಷಯ ತೆಗೆದ. ಈಗಷ್ಟೇ ಶಾಲೆ ಮುಗಿಸಿದ ಅಕ್ಕನ ಮಗಳನ್ನು ಅದೇ ರೋಲರ್‌ಗೆ ಹಾಕಿಕೊಳ್ಳುತ್ತಾನಂತೆ. "ಪಟಕ್ಕೆ ಹೊಸ ಫ್ರೇಮ್ ಹಾಕ್ಸಿದೀನಿ. ಇನ್ನು ಭಯ ಇಲ್ಲ. ಅವನು ನೋಡ್ಕೋತಾನೆ."

ಭಲೇ ಉಪಕಾರ. ತಾಯಿಯ ಕೈ ನುಂಗಿದ ಮೆಷಿನ್‌ಗೆ ಮಗಳು, ದೇವರಿಗೆ ಹೊಸ ಫ್ರೇಮು. ಅಕ್ಕ, "ನಾಳೆ ನಾನೇ ಕರ್ಕೊಂಡು ಬರ್ತೀನಿ," ಎಂದಳು. ಯಜಮಾನನಿಗಿಂತ ಅವಳ ಮೇಲೇ ನನಗೆ ಹೆಚ್ಚು ಅಸಹ್ಯವಾಯಿತು. ಊಟಕ್ಕೆ ಕರೆದರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಯಜಮಾನ ಕಣ್ಣು ಮುಚ್ಚಿ ಪಟಕ್ಕೆ ಕೈಮುಗಿದ. ಅಕ್ಕ ಮುಗಿಯಲಿಲ್ಲ, ಮುಗಿಯಲು ಇನ್ನೊಂದು ಕೈ ಬೇಕಲ್ಲ. ಮಗಳು ಮೆಷಿನ್ ಕಡೆ ಹೆಜ್ಜೆ ಇಟ್ಟಾಗ ಅವಳು ಅಡ್ಡ ನಿಂತಳು.

"ಮೊದಲು ಹಗ್ಗ ಬಿಚ್ಚಿ ಯಜಮಾನ್ರೇ."

"ಏನಮ್ಮ ನೀನು, ದೇವರ ಮೇಲೆ ನಂಬಿಕೆ ಹೋಯ್ತಾ?"

"ನಂಬಿಕೆ ಇರೋದಕ್ಕೇ ಹೇಳ್ತಿರೋದು." ಅಕ್ಕ ದನಿ ಏರಿಸಲಿಲ್ಲ. "ಕಾಪಾಡೋಕೆ ಅಂತಾನೇ ಅವನು ಆ ಪಟ್ಟಿ ಕೊಟ್ಟಿದ್ದ. ನೀವು ಅವನ ಕೈಯನ್ನೇ ಕಟ್ಟಿಹಾಕಿ, ಮೇಲೆ ಅವನ ಪಟ ತೂಗುಹಾಕಿದ್ರಿ. ಇದನ್ನ ಬಿಚ್ಚೋವರೆಗೂ ನನ್ನ ಮಗಳು ಇಲ್ಲಿ ನಿಲ್ಲಲ್ಲ. ಬೇರೆ ಯಾರೂ ನಿಲ್ಲೋದು ಬೇಡ."

ರೋಲರ್ ಹಬೆಯಿಂದ ಕಾಯುತ್ತಿತ್ತು, ಆದರೆ ಅದನ್ನು ತಿರುಗಿಸುವ ಸ್ವಿಚ್ ಹಾಕಲು ಯಾರೂ ಹೋಗಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿಗಳು ಬಂದು ಸೇರುತ್ತಲೇ ಇದ್ದವು. ಒಬ್ಬರಾದರೂ ತನ್ನ ಪರ ಮಾತಾಡುತ್ತಾರೇನೋ ಎಂದು ಯಜಮಾನ ಎಲ್ಲರ ಮುಖ ನೋಡಿದ. ಕೊನೆಗೆ ಸ್ಟೂಲ್ ಎಳೆದುಕೊಂಡು ಹತ್ತಿದ. ಹಬೆ ಕುಡಿದು ಗಂಟು ಕಲ್ಲಾಗಿತ್ತು, ಅವನ ಮೆತ್ತನೆಯ ಬೆರಳುಗಳಿಗೆ ಜಗ್ಗಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಕಣ್ತುಂಬ ನೋಡಿದೆ. ಇನ್ನಷ್ಟು ಒದ್ದಾಡಲಿ ಎಂದುಕೊಂಡೆ.

"ನಿಧಾನ ಯಜಮಾನ್ರೇ," ಎಂದಳು ಅಕ್ಕ. "ರೋಲರ್ ಆಗಲೇ ಕಾದಿದೆ. ಬೆರಳು ಜೋಪಾನ."

ನಗಲು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ. ಹಾಳಾದವಳು, ಮನಸಾರೆ ಹೇಳಿದ್ದಳು. ಅವನು ನಿಂತ ಸ್ಟೂಲು ಅಲುಗಾಡದಂತೆ ಎಡಗೈಯಿಂದ ಹಿಡಿದುಕೊಂಡಿದ್ದಳು.