ದೊಡ್ಡವಳ ಕುರ್ಚಿ

ತಮ್ಮನ ಹೆಂಡತಿ ಮೂರನೆಯ ಸಲ ಕುರ್ಚಿ ತಂದು ಬೆನ್ನ ಹಿಂದೆ ಇಟ್ಟಾಗ ದೊಡ್ಡವಳು ಅದನ್ನು ಒದ್ದಳು. ಕುರ್ಚಿ ಗೋಡೆಗೆ ಬಡಿದು, ಎರಡು ಕಾಲಿನ ಮೇಲೆ ಅರೆಗಳಿಗೆ ತಡವರಿಸಿ, ಮತ್ತೆ ನಾಲ್ಕೂ ಕಾಲೂರಿ ನಿಂತಿತು. ಗಟ್ಟಿ ಮರದ್ದು. ಐವತ್ತೆರಡು ವರ್ಷ ಒಬ್ಬಳನ್ನೇ ಕೂರಿಸಿಕೊಂಡಿದ್ದರೂ ಒಂದು ಕೀಲೂ ಸಡಿಲವಾಗಿರಲಿಲ್ಲ.

"ಕೂತ್ಕೊಳ್ಳಿ ದೊಡ್ಡಕ್ಕ, ಬೆಳಗ್ಗಿಂದ ನಿಂತೇ ಇದ್ದೀರಿ. ನಿಮ್ಮ ಎದೆ ತಡೆಯಲ್ಲ."

"ತಡೆಯುತ್ತೆ."

"ಹಠ ಮಾಡಬೇಡ ದೊಡ್ಡಕ್ಕ," ಎಂದ ತಮ್ಮ ಬಾಗಿಲ ಹತ್ತಿರದಿಂದ. "ಒಂದೇ ವಾರದಲ್ಲಿ ಇಬ್ಬರನ್ನ ಕಳಿಸೋಕೆ ನನ್ನ ಕೈಲಾಗಲ್ಲ."

ಮುಂಗೋಣೆಯ ನಡುವೆ ಎರಡು ಸ್ಟೂಲುಗಳ ಮೇಲೆ ತಂಗಿ ಚಿಕ್ಕವಳ ಶವಪೆಟ್ಟಿಗೆ ಇತ್ತು. ಅದರ ಮೇಲೆ ಹೊದಿಸಿದ್ದ ಬಿಳಿ ಚಾದರದ ಮಡಿಕೆಗಳು ಇನ್ನೂ ಗೀಟು ಎಳೆದಂತೆ ಕಾಣುತ್ತಿದ್ದವು. ಚಿಕ್ಕವಳೇ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಬೀರುವಿನ ಮೇಲಟ್ಟಕ್ಕೆ ಎತ್ತಿಟ್ಟಿದ್ದ ಚಾದರ ಅದು. ತನಗಲ್ಲ, ಅಕ್ಕನಿಗೆ. ಮಡಿಕೆಯ ಜಾಗ ಹಳದಿಯಾಗಬಾರದೆಂದು ವರ್ಷಕ್ಕೊಮ್ಮೆ ತೆಗೆದು ಬೇರೆ ಕಡೆ ಮಡಚಿ ಇಡುತ್ತಿದ್ದಳು. "ಇಪ್ಪತ್ತೆಂಟು ವರ್ಷ ಆಸ್ಪತ್ರೆ ಲಾಂಡ್ರಿಯಲ್ಲಿ ದುಡಿದವಳು ನಾನು. ನಿನಗೆ ಮುದುರಿದ ಬಟ್ಟೆ ಹೊದಿಸಿ ಕಳಿಸಿದ್ರೆ ನನ್ನ ಮರ್ಯಾದೆ ಏನಾಗಬೇಕು?" ಎಂದು ನಗುತ್ತಿದ್ದಳು. ದೊಡ್ಡವಳೂ ನಗುತ್ತಿದ್ದಳು.

ಕೆಳಮನೆಯ ಪೋಸ್ಟ್‌ಮ್ಯಾನ್ ಮುದುಕ ಬಂದು ಪೆಟ್ಟಿಗೆಯ ಮುಂದೆ ತಲೆ ಬಗ್ಗಿಸಿದ. ಆಮೇಲೆ ದೊಡ್ಡವಳ ಕಡೆ ತಿರುಗಿದ. "ಏನ್ ಹೇಳೋದಮ್ಮ. ನಾವೆಲ್ಲ ನೀವೇ ಮುಂಚೆ ಅಂತ..." ಮಾತು ಎಲ್ಲಿಗೆ ಹೊರಟಿದೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಹಾಗಲ್ಲ."

"ಹಾಗೇ. ಊರಿಗೆ ಊರೇ ಹಾಗೇ ಅಂದ್ಕೊಂಡಿತ್ತು. ಅದಕ್ಕೇ ತಾನೆ ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ?"

ಮುದುಕ ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಮೂಲೆಗೆ ಸರಿದ.

*

ದೊಡ್ಡವಳಿಗೆ ಒಂಬತ್ತಾಗಿದ್ದಾಗ ಶಾಲೆಗೆ ಡಾಕ್ಟರು ಬಂದಿದ್ದರು. ಸಾಲಾಗಿ ನಿಲ್ಲಿಸಿ ಹಲ್ಲು, ಕಣ್ಣು, ಎದೆ ನೋಡಿದರು. ದೊಡ್ಡವಳ ಎದೆಯ ಮೇಲೆ ಆ ತಣ್ಣನೆಯ ಬಿಲ್ಲೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಂತಿತು. "ಎದೆಯಲ್ಲಿ ಸದ್ದಿದೆ. ವರ್ಷದ ನಂತರ ಮತ್ತೆ ತೋರಿಸಿ," ಎಂದು ಚೀಟಿ ಬರೆದುಕೊಟ್ಟರು.

ಅವ್ವ ಮೊದಲ ವಾಕ್ಯ ಓದಿದಳು. ಎರಡನೆಯದನ್ನು ಓದಲೇ ಇಲ್ಲ. ಓದಿದ್ದರೂ ಹೋಗುತ್ತಿರಲಿಲ್ಲ, ಇನ್ನೂ ಕೆಟ್ಟದ್ದೇನಾದರೂ ಹೇಳಿಬಿಟ್ಟಾರೆಂಬ ಭಯ. ಅಂದಿನಿಂದ ದೊಡ್ಡವಳು ಓಡಬಾರದು, ಹಗ್ಗ ಜಿಗಿಯಬಾರದು, ನೀರು ಹೊರಬಾರದು. ಅಪ್ಪ ಬಡಗಿಗೆ ಹೇಳಿ ಕೈಯಿರುವ ಕುರ್ಚಿ ಮಾಡಿಸಿದ. ದೊಡ್ಡವಳ ಪಾಲಿನ ಕೊಡವನ್ನು ಆರು ವರ್ಷದ ಚಿಕ್ಕವಳು ಎತ್ತಿಕೊಂಡಳು. ಆಮೇಲೆ ಇಳಿಸಲಿಲ್ಲ.

ಮರುವರ್ಷ ಡಾಕ್ಟರು ಬಂದ ದಿನ ಅವ್ವ ದೊಡ್ಡವಳ ಜೊತೆ ಚಿಕ್ಕವಳನ್ನೂ ಶಾಲೆಗೆ ಕಳಿಸಲಿಲ್ಲ. "ಒಂದು ಮನೆಗೆ ಒಂದು ಸಾಕು. ಇವಳು ಕಲ್ಲುಗುಂಡು, ಇವಳದ್ದೇನು ನೋಡೋದು?" ಎಂದಳು.

ಕಲ್ಲುಗುಂಡು ಎಂಬುದೇ ಚಿಕ್ಕವಳ ಮುದ್ದಿನ ಹೆಸರಾಯಿತು.

*

ಲಾಂಡ್ರಿಯವರು ಒಟ್ಟಿಗೇ ಬಂದರು. ಮೇಸ್ತ್ರಿ, ಒಗೆಯುವ ಮೆಷಿನ್ನಿನ ಇಬ್ಬರು, ಮೂಟೆ ಸಾಗಿಸುವವನು, ಇಸ್ತ್ರಿಯವಳು. ಇಸ್ತ್ರಿಯವಳು ಇಪ್ಪತ್ತು ವರ್ಷ ಚಿಕ್ಕವಳ ಎದುರು ನಿಂತು ಚಾದರದ ಇನ್ನೊಂದು ತುದಿ ಹಿಡಿದವಳು. ಪೆಟ್ಟಿಗೆಯ ಮೇಲಿನ ಚಾದರ ಒಂದು ಕಡೆ ಜಾರಿದ್ದನ್ನು ಕಂಡು ಮೊದಲು ಅದನ್ನು ಸರಿಮಾಡಿದಳು. ಆಮೇಲೆ ಅತ್ತಳು.

"ನಾನು ಹೇಳ್ದೆ ಅವಳಿಗೆ," ಎಂದಳು ಮೂಗೊರೆಸಿಕೊಂಡು. "ಮೊದಲನೇ ಸಲ ಬಿದ್ದಾಗಲೇ ಹೇಳ್ದೆ."

"ಎಲ್ಲಿ ಬಿದ್ದಿದ್ದು?" ಎಂದಳು ದೊಡ್ಡವಳು.

ಇಸ್ತ್ರಿಯವಳು ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ತಮ್ಮನ ಮುಖ ನೋಡಿದ. ತಮ್ಮ ಕಿಟಕಿ ನೋಡಿದ.

"ಎಷ್ಟು ಸಲ ಬಿದ್ಲು?"

"ಮೂರು," ಎಂದಳು ಇಸ್ತ್ರಿಯವಳು. "ಒದ್ದೆ ಮೂಟೆ ಎತ್ತುವಾಗ ಎರಡು ಸಲ. ಒಂದು ಸಲ ಮೆಟ್ಟಿಲಲ್ಲಿ. ಎದೆ ಹಿಡ್ಕೊಂಡಂಗೆ ಆಗುತ್ತೆ ಅಂತಿದ್ಲು, ಎರಡು ನಿಮಿಷ ನಿಂತ್ರೆ ಹೋಗುತ್ತೆ ಅಂತಿದ್ಲು. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿದ್ಲು. ಅಕ್ಕನ ಹಾರ್ಟ್ ವೀಕು, ಕೇಳಿದ ಏಟಿಗೆ ಹೋಗಿಬಿಡ್ತಾಳೆ ಅಂದ್ಲು."

ದೊಡ್ಡವಳು ತಮ್ಮನ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತು."

"ಬಿಸಿಗೆ ತಲೆ ಸುತ್ತಿದೆ ಅಂದ್ಕೊಂಡೆ. ಆ ನೆಲಮಾಳಿಗೆ ಹಬೆಯಲ್ಲಿ ಯಾರಿಗಾದ್ರೂ ತಲೆ ಸುತ್ತುತ್ತೆ."

"ಆಸ್ಪತ್ರೆ ಕಣೋ ಅದು! ತಲೆ ಮೇಲೆ ನಾಲ್ಕು ಮಹಡಿ ತುಂಬ ಡಾಕ್ಟರು. ಅವರ ಕೋಟು ಒಗೀತಿದ್ಲು ಇವಳು. ಒಬ್ಬರ ಹತ್ತಿರ ಕರ್ಕೊಂಡು ಹೋಗೋಕೆ ಆಗಲಿಲ್ವಾ ನಿಮಗೆ?"

"ಕೂಗಾಡಬೇಡ ದೊಡ್ಡಕ್ಕ, ನಿನ್ನ ಎದೆ..."

"ನನ್ನ ಎದೆ ಸುದ್ದಿ ಎತ್ತಿದ್ರೆ ನೋಡು!"

ತಮ್ಮನ ಹೆಂಡತಿ ಮೆಲ್ಲಗೆ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದಳು.

ಮೂರು ದಿನದ ಹಿಂದೆ, ತುರ್ತು ಕೋಣೆಯ ಡಾಕ್ಟರೂ ಇದೇ ಪ್ರಶ್ನೆ ಕೇಳಿದ್ದರು. ಮೆಟ್ಟಿಲಲ್ಲಿ ನೀರಿನ ಕ್ಯಾನಿನೊಂದಿಗೆ ಬಿದ್ದಿದ್ದ ಚಿಕ್ಕವಳು ಆಗ ಇನ್ನೂ ಉಸಿರಾಡುತ್ತಿದ್ದಳು. "ಹೃದಯದಿಂದ ರಕ್ತ ಹೊರಗೆ ಹೋಗೋ ಕವಾಟ ಇದು. ಮೂರು ಎಸಳು ಇರಬೇಕು, ಇವರಿಗೆ ಹುಟ್ಟಿನಿಂದಲೇ ಎರಡು. ವಯಸ್ಸಾಗ್ತಾ ಗಡುಸಾಗಿ ಕಿರಿದಾಗಿದೆ. ಕವಾಟ ಬದಲಾಯಿಸಬಹುದಿತ್ತು. ಈ ಸದ್ದು ಎಷ್ಟೋ ವರ್ಷದಿಂದ ಇರಬೇಕು, ಅಷ್ಟು ಜೋರಾಗಿದೆ. ಯಾರೂ ಒಂದು ಸಲವೂ ಎದೆಗೆ ಸ್ಟೆತಸ್ಕೋಪ್ ಇಟ್ಟಿಲ್ವಾ?"

ಇಟ್ಟಿದ್ದೇವೆ ಎಂದು ಹೇಳಲು ದೊಡ್ಡವಳಿಗೆ ಬಾಯಿ ಬರಲಿಲ್ಲ.

*

ನಾಲ್ಕು ವರ್ಷದ ಹಿಂದಿನ ಮಾತು. ಒಗೆಯಲು ಬಂದ ಕೋಟುಗಳ ಜೇಬಿನಲ್ಲಿ ಪೆನ್ನು, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು ಸಿಗುವುದು ಮಾಮೂಲು. ಆ ಶನಿವಾರ ಸ್ಟೆತಸ್ಕೋಪೇ ಸಿಕ್ಕಿತು. ಸೋಮವಾರ ಮರಳಿಸಬೇಕಿತ್ತು. ಚಿಕ್ಕವಳು ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು.

"ಬಾ, ನಿನ್ನ ಸದ್ದು ಎಂಥದ್ದು ಅಂತ ನಾನೂ ಒಂದು ಸಲ ಕೇಳ್ತೀನಿ."

ದೊಡ್ಡವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಚಿಕ್ಕವಳು ಕಣ್ಣು ಮುಚ್ಚಿ ಆಲಿಸಿದಳು. "ಡಬ್ ಡಬ್, ಡಬ್ ಡಬ್. ಯಾರೋ ಬಾಗಿಲು ಬಡಿದ ಹಾಗೆ. ಪಾಪ, ಒಳಗೆ ರಕ್ತ ಹರಿಯೋದೇ ಕೇಳಲ್ಲ ಕಣೇ."

"ಕೊಡು ಇಲ್ಲಿ." ದೊಡ್ಡವಳು ಬಿಲ್ಲೆಯನ್ನು ತಂಗಿಯ ಎದೆಗೆ ಒತ್ತಿದಳು. ಬಡಿತದ ನಡುವೆ ಸುಯ್ ಸುಯ್ ಎಂದು ಒರಟಾಗಿ, ಅರ್ಧ ತಿರುಗಿಸಿದ ನಲ್ಲಿಯಲ್ಲಿ ನೀರು ನುಗ್ಗಿದಂತೆ ಕೇಳಿಸಿತು. "ಅಬ್ಬಬ್ಬ! ಏನೇ ಇದು, ಹೊಳೆ ಹರಿದ ಹಾಗೆ!"

"ಮತ್ತೆ? ಕಲ್ಲುಗುಂಡಿನ ಎದೆ!" ಎಂದು ಚಿಕ್ಕವಳು ತೋಳು ಮಡಚಿ ತೋರಿಸಿದಳು.

ಡಾಕ್ಟರು ಹೇಳಿದ ಸದ್ದೆಂದರೆ ಆ ಡಬ್ ಡಬ್ ಎಂದೂ, ಸುಯ್ ಎನ್ನುವುದು ಗಟ್ಟಿ ಹೃದಯದ ಗುರುತು ಎಂದೂ ಇಬ್ಬರೂ ತೀರ್ಮಾನಿಸಿದರು. ಹೋಲಿಸಿ ನೋಡಲು ಮನೆಯಲ್ಲಿ ಮೂರನೆಯ ಎದೆ ಇರಲಿಲ್ಲ. ಚಿಕ್ಕವಳು ಎದ್ದು ನೀರಿನ ಕ್ಯಾನ್ ತರಲು ಕೆಳಗಿಳಿದಳು.

*

"ಹೊತ್ತಾಯ್ತು," ಎಂದ ತಮ್ಮ ಗಡಿಯಾರ ನೋಡಿ.

ಆರು ಜನ ಬೇಕಿತ್ತು. ಲಾಂಡ್ರಿಯ ಐವರು ಆಗಲೇ ಪೆಟ್ಟಿಗೆಯ ಸುತ್ತ ನಿಂತಿದ್ದರು. ಒದ್ದೆ ಬಟ್ಟೆಯ ಮೂಟೆ ಹೊತ್ತು ಪಳಗಿದ ಹೆಗಲುಗಳು. ಇದು ನಮ್ಮ ಹೊರೆ, ಬೇರೆಯವರಿಗೆ ಕೊಡಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಆರನೆಯ ಜಾಗಕ್ಕೆ ತಮ್ಮ ಹೆಜ್ಜೆ ಹಾಕುವಷ್ಟರಲ್ಲಿ ದೊಡ್ಡವಳು ಅಲ್ಲಿ ಹೋಗಿ ನಿಂತಿದ್ದಳು.

"ಸರಿ ಆ ಕಡೆ, ದೊಡ್ಡಕ್ಕ."

"ನಾನು ಹೊರ್ತೀನಿ."

"ಮೂರು ಮಹಡಿ ಇಳೀಬೇಕು. ಆಮೇಲೆ ಆ ಏರು. ತಲೆ ಕೆಟ್ಟಿದೆಯಾ ನಿನಗೆ?"

"ಅವಳು ಇಳಿದು ಹತ್ತಿದ್ದಾಳಲ್ಲ, ಮೂವತ್ತು ವರ್ಷ? ನನ್ನ ನೀರು ಹೊತ್ತು, ನನ್ನ ತರಕಾರಿ ಹೊತ್ತು?"

"ಅವಳ ಎದೆ ಗಟ್ಟಿ..." ತಮ್ಮ ಅಷ್ಟಕ್ಕೇ ನಿಲ್ಲಿಸಿದ. ಐವತ್ತು ವರ್ಷದ ರೂಢಿ, ಬಾಯಿಗೆ ತಾನಾಗಿ ಬಂದಿತ್ತು.

ದೊಡ್ಡವಳು ನಕ್ಕಳು. ಆ ನಗುವಿಗೆ ಪೋಸ್ಟ್‌ಮ್ಯಾನ್ ಮುದುಕ ತಲೆಯೆತ್ತಿದ.

*

ಎರಡು ವರ್ಷದ ಹಿಂದೆ ದೊಡ್ಡವಳ ಕಣ್ಣಿನ ಪೊರೆ ತೆಗೆಸಬೇಕಾಗಿತ್ತು. ಎದೆಯಲ್ಲಿ ಸದ್ದಿದೆ ಎಂದು ಚಿಕ್ಕವಳೇ ಮುಂಚಿತವಾಗಿ ಹೇಳಿದ್ದರಿಂದ ಕಣ್ಣಿನ ಡಾಕ್ಟರು ಹೃದಯದ ಡಾಕ್ಟರ ಬಳಿ ಕಳಿಸಿದರು. ಆಕೆ ಎಕೋ ಮಾಡಿ, ಪರದೆಯ ಮೇಲೆ ಕವಾಟಗಳು ಮುಚ್ಚಿ ತೆರೆಯುವುದನ್ನು ತೋರಿಸಿದರು.

"ನಿಮಗೆ ಏನೂ ಇಲ್ಲ. ಬೆಟ್ಟ ಹತ್ತಬಹುದು."

"ಮತ್ತೆ ಆ ಸದ್ದು?"

"ಎಷ್ಟೋ ಮಕ್ಕಳಲ್ಲಿ ಅಂಥ ಸದ್ದು ಕೇಳುತ್ತೆ. ರಕ್ತ ಓಡೋ ಸದ್ದು ಅಷ್ಟೇ, ಕಾಯಿಲೆ ಅಲ್ಲ. ಬೆಳೀತಾ ಹೋಗಿಬಿಡುತ್ತೆ. ನಿಮ್ಮದು ಯಾವಾಗಲೋ ಹೋಗಿದೆ. ಈಗ ಡಬ್ ಡಬ್ ಬಿಟ್ಟು ಬೇರೇನೂ ಇಲ್ಲ."

ದೊಡ್ಡವಳು ರವಿಕೆಯ ಗುಂಡಿ ಹಾಕಿಕೊಳ್ಳುತ್ತ ತಡೆದಳು. "ದೊಡ್ಡವರಿಗೆ ಸುಯ್ ಅಂತ ಜೋರಾಗಿ ಕೇಳಿದ್ರೆ?"

"ಅದನ್ನ ಪರೀಕ್ಷೆ ಮಾಡಲೇಬೇಕು. ಕವಾಟ ಕೆಟ್ಟಿರಬಹುದು. ಯಾರಿಗೆ?"

"ಯಾರಿಗೂ ಇಲ್ಲ. ಸುಮ್ಮನೆ ಕೇಳಿದೆ."

ಹೊರಗೆ ಕಾರಿಡಾರಿನಲ್ಲಿ ಚಿಕ್ಕವಳು ಕೊಡೆ, ಚೀಲ, ನೀರಿನ ಬಾಟಲಿ ಎಲ್ಲ ಹಿಡಿದು ನಿಂತಿದ್ದಳು. ಬೆಂಚು ಖಾಲಿಯಿದ್ದರೂ ಕೂತಿರಲಿಲ್ಲ. ಮೆಟ್ಟಿಲು ಹತ್ತಿದ್ದರ ಏದುಸಿರು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಏನಂದ್ರು?" ಎಂದಳು. ಕಣ್ಣಲ್ಲಿ ಅಷ್ಟು ಭಯ.

ಬಾಗಿಲು ನಾಲ್ಕು ಹೆಜ್ಜೆ ಹಿಂದಿತ್ತು, ಒಳಗೆ ಡಾಕ್ಟರಿದ್ದರು. ಹೇಳಿದರೆ ಎರಡನ್ನೂ ಹೇಳಬೇಕಿತ್ತು. ನನಗೇನೂ ಇಲ್ಲ ಎಂದರೆ, ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ತಂಗಿಯಿಂದ ಕೈಕಾಲು ಒತ್ತಿಸಿಕೊಂಡವಳು ಯಾರು ಎಂದು ಅವಳು ಕೇಳದಿದ್ದರೂ ತಾನು ಕೇಳಿಕೊಳ್ಳಬೇಕಿತ್ತು.

"ಹಾಗೇ ಇದೆಯಂತೆ," ಎಂದಳು ದೊಡ್ಡವಳು. ನಾಳೆ ಹೇಳೋಣ ಎಂದುಕೊಂಡಳು.

ಚಿಕ್ಕವಳು ಅಕ್ಕನ ಕೈಚೀಲವನ್ನೂ ತೆಗೆದುಕೊಂಡಳು.

*

"ನನ್ನ ಎದೆಯಲ್ಲಿ ಏನೂ ಇಲ್ಲ," ಎಂದಳು ದೊಡ್ಡವಳು. ಕೂಗಲಿಲ್ಲ. ಆದರೂ ಮೆಟ್ಟಿಲಲ್ಲಿ ನಿಂತವರಿಗೂ ಕೇಳಿಸಿತು. "ಎರಡು ವರ್ಷದಿಂದ ಗೊತ್ತು. ಡಾಕ್ಟರು ಹೇಳಿದ್ರು. ಅವಳ ಎದೆಯ ಸದ್ದನ್ನ ನಾನೇ ಕಿವಿಯಾರೆ ಕೇಳಿದ್ದೆ. ಅದೇನು ಅಂತ ಅವತ್ತೇ ತಿಳೀತು. ಹೇಳಲಿಲ್ಲ."

ತಮ್ಮನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. "ಮೊನ್ನೆಯವರೆಗೂ ಅವಳ ಕೈಲಿ ನೀರು ಹೊರಿಸಿದೆಯಲ್ಲೇ..." ಅವನು ಹುಟ್ಟಿದಾಗಿನಿಂದ ಅಕ್ಕನ ಮೇಲೆ ದನಿಯೆತ್ತಿದವನಲ್ಲ. ಅವಳ ಎದೆ ತಡೆಯಲ್ಲ ಎಂದು.

"ಬಯ್ಯಿ," ಎಂದಳು ದೊಡ್ಡವಳು. "ಇನ್ನೂ ಜೋರಾಗಿ ಬಯ್ಯಿ. ನನಗೇನೂ ಆಗಲ್ಲ."

ಅವನು ಬಯ್ಯಲಿಲ್ಲ. ಗೋಡೆಯ ಕಡೆ ತಿರುಗಿಕೊಂಡ. ಮೇಸ್ತ್ರಿ ನೆಲ ನೋಡುತ್ತಿದ್ದ. ಇಸ್ತ್ರಿಯವಳು ಮಾತ್ರ ದೊಡ್ಡವಳ ಮುಖವನ್ನೇ ನೋಡುತ್ತಿದ್ದಳು, ಎಷ್ಟು ತಿಕ್ಕಿದರೂ ಹೋಗದ ಕಲೆಯನ್ನು ನೋಡುವಂತೆ. ಕೊನೆಗೆ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಅವಳತ್ತ ಎಸೆದಳು.

"ಮಡಚಿ ಹೆಗಲಿಗೆ ಹಾಕ್ಕೊಳ್ಳಿ, ಇಲ್ಲದಿದ್ರೆ ಮೂಳೆ ಒತ್ತುತ್ತೆ. ಎಡಗಾಲು ಮುಂದೆ. ನಾನು ಎತ್ತು ಅಂದಾಗ ಎತ್ತಿ."

ಎತ್ತಿದರು.

ಮೂರು ಮಹಡಿ ಇಳಿದರು. ಬೀದಿ ದಾಟಿ ಏರು ಹತ್ತಿದರು. ಹೆಗಲು ಉರಿಯಿತು, ಮೊಣಕಾಲು ನಡುಗಿತು, ಬೆವರು ಕಣ್ಣಿಗಿಳಿಯಿತು. ಮೂಟೆ ಸಾಗಿಸುವವನು ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟ. ದೊಡ್ಡವಳಿಗೆ ಪೆಟ್ಟಿಗೆಗೆ ಒತ್ತಿಕೊಂಡಿದ್ದ ಕಿವಿಯಲ್ಲಿ ತನ್ನದೇ ಎದೆ ಕೇಳಿಸುತ್ತಿತ್ತು. ಡಬ್ ಡಬ್, ಡಬ್ ಡಬ್. ಒಂದೂ ತಪ್ಪಲಿಲ್ಲ. ಒಂದಾದರೂ ತಪ್ಪಬಾರದೇ ಎಂದು ಅವಳಿಗೆ ಸಿಟ್ಟು ಬಂತು.

ಹಿಂದಿನಿಂದ ತಮ್ಮನ ಹೆಂಡತಿ ಕುರ್ಚಿ ಹೊತ್ತುಕೊಂಡು ಬರುತ್ತಿದ್ದಳು. ಯಾರೂ ತರಲು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅವಳಿಗೆ ಕೇಳಿದ ಮಾತು ಇನ್ನೂ ತಲೆಗೆ ಇಳಿದಿರಲಿಲ್ಲ.

ಪೆಟ್ಟಿಗೆಯನ್ನು ಗುಂಡಿಯೊಳಕ್ಕೆ ಇಳಿಸುವ ಮುಂಚೆ ಇಸ್ತ್ರಿಯವಳು ಚಾದರ ತೆಗೆದಳು. ಒಂದು ತುದಿಯನ್ನು ದೊಡ್ಡವಳ ಕೈಗೆ ಕೊಟ್ಟು ಹಿಂದೆ ಸರಿದಳು. ದೊಡ್ಡವಳಿಗೆ ಮಡಚಲು ಬರಲಿಲ್ಲ, ಅಂಚು ಸೊಟ್ಟಗಾಯಿತು. "ಎಳೆದು ಹಿಡೀರಿ. ಇಬ್ಬರೂ ಎಳೆದ್ರೇನೇ ನೆರಿಗೆ ಹೋಗೋದು." ಎರಡನೆಯ ಸಲ ಸರಿಯಾಯಿತು. ಇಸ್ತ್ರಿಯವಳು ಮಡಿಕೆಯನ್ನು ಅಂಗೈಯಿಂದ ಒತ್ತಿ, ಚೌಕಾಕಾರದ ಚಾದರವನ್ನು ಅವಳ ತೋಳಿಗಿಟ್ಟಳು.

"ತಗೊಳ್ಳಿ. ಇದು ನಿಮ್ಮದು. ನಿಮಗೇ ಅಂತ ಇಸ್ತ್ರಿ ಮಾಡಿಟ್ಟಿದ್ಲು."

ಮಣ್ಣು ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ಇಳಿದರು. ತಮ್ಮ ಅಕ್ಕನಿಗಾಗಿ ಕಾಯಲಿಲ್ಲ. ದೊಡ್ಡವಳು ಕುರ್ಚಿಯನ್ನು ಎಳೆದು ತಂದು ಹಸಿಮಣ್ಣಿನ ದಿಬ್ಬದ ತಲೆಯ ಕಡೆ ಇಟ್ಟಳು. ಅಲುಗಾಡಿಸಿ ನೋಡಿದಳು.

"ದೊಡ್ಡಕ್ಕ, ಕುರ್ಚಿ?" ಎಂದಳು ತಮ್ಮನ ಹೆಂಡತಿ.

"ಇರಲಿ ಬಿಡು. ಅವಳು ಕೂತೇ ಇಲ್ಲ."

ಚಾದರವನ್ನು ಕಂಕುಳಲ್ಲಿ ಇರುಕಿಕೊಂಡು ದೊಡ್ಡವಳು ಇಳಿಜಾರಿನಲ್ಲಿ ದಡದಡನೆ ನಡೆದಳು. ಹಿಂದೆ ದಿಬ್ಬದ ಮೇಲೆ, ಖಾಲಿ ಕುರ್ಚಿ ತನ್ನ ಎರಡೂ ಕೈ ಚಾಚಿಕೊಂಡು, ಯಾರ ಭಾರವೂ ಇಲ್ಲದೆ, ಒಂದು ಕಾಲನ್ನು ಸಡಿಲ ಮಣ್ಣಿನೊಳಕ್ಕೆ ಮೆಲ್ಲಗೆ ಇಳಿಸುತ್ತಿತ್ತು.