ಬಿಟ್ಟ ಹಾಗೇ ಇರಬೇಕಾದ ಚಪ್ಪಲಿ

ಬೆರಳಿನ ಕಡೆ ಗೋಡೆಗಿತ್ತೋ, ಹಿಮ್ಮಡಿಯ ಕಡೆ ಗೋಡೆಗಿತ್ತೋ — ಎಡಗಾಲಿನ ಚಪ್ಪಲಿಯ ಕಿತ್ತುಹೋದ ಬಾರಿಗೆ ಮಗ್ಗದ ಹಳದಿ ನೂಲನ್ನೇ ಸುತ್ತಿ ಬಿಗಿದಿದ್ದಾನೆ ಅಂಬರೀಶ, ಅದು ಮನೋಹರನಿಗೆ ಚೆನ್ನಾಗಿ ನೆನಪಿದೆ, ಒಂಬತ್ತು ಸುತ್ತು, ಬೆಳಿಗ್ಗೆ ಪ್ಲಾಸ್ಟಿಕ್ ಕವರಿಗೆ ಹಾಕುವಾಗ ಎಣಿಸಿದ್ದ, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿದ್ದವು ಎಂಬುದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೆನಪಿದೆ, ಇದಕ್ಕೇನು ಹೇಳೋಣ, ಹದಿನೆಂಟು ವರ್ಷದಿಂದ ದೊಡ್ಡಬಳ್ಳಾಪುರದಲ್ಲಿ ಖಾಸಗಿ ಪತ್ತೇದಾರ ಎಂದು ಬೋರ್ಡು ತೂಗುಹಾಕಿಕೊಂಡವನು, ಗಂಡಿನ ಮನೆ ಹೇಗಿದೆ ವಿಚಾರಿಸಿ ಎಂದು ಹೆಣ್ಣಿನ ಕಡೆಯವರು ಕಳಿಸಿದರೆ ಮೊದಲು ಬಾಗಿಲಲ್ಲಿರುವ ಚಪ್ಪಲಿ ನೋಡುವವನು, ಎಷ್ಟು ಜೊತೆ, ಯಾರವು, ಹೇಳದೆ ಮುಚ್ಚಿಟ್ಟ ನೆಂಟರು ಎಷ್ಟು, ಮನುಷ್ಯ ಸುಳ್ಳು ಹೇಳಬಹುದು ಚಪ್ಪಲಿ ಹೇಳುವುದಿಲ್ಲ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಂಡವನು. ಸರ್, ಕಾಫಿ ತಣ್ಣಗಾಗ್ತಿದೆ, ಎನ್ನುತ್ತಾಳೆ ಪ್ರಮೋದಾ, ಅಂಬರೀಶನ ಹೆಂಡತಿ, ಗಂಡ ಕಾಣೆಯಾಗಿ ಹನ್ನೊಂದು ದಿನವಾದರೂ ಬಂದವರಿಗೆ ಕಾಫಿ ಕೊಡುವುದನ್ನು ಮರೆಯದವಳು, ಏನಾದ್ರೂ ಗೊತ್ತಾಯ್ತಾ ಸರ್, ಗೊತ್ತಾಯಿತಮ್ಮ, ನಿನ್ನ ಗಂಡ ಈ ಗೋಡೆಯಾಚೆ ಕೈಯಿಟ್ಟುಕೊಂಡು ನಿಂತಿದ್ದಾನೆ, ಎಂದು ಹೇಳಲಿಲ್ಲ, ಕಾಫಿ ಕುಡಿದ.

ಬೆಳಿಗ್ಗೆ ಬಂದಾಗ ಮನಸ್ಸಿನಲ್ಲೇ ವರದಿ ಬರೆದಿಟ್ಟಿದ್ದ, ಯಾವಳೋ ಇದ್ದಾಳೆ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯವಳಿರಬೇಕು, ಮುಗಿಯಿತು ಕತೆ — ಒಂದೇ ತೊಡಕು, ಬರಿಗಾಲಲ್ಲಿ ಯಾರು ಓಡಿಹೋಗುತ್ತಾರೆ, ಅದಕ್ಕೇ ಸಾಕ್ಷಿಗಿರಲಿ ಎಂದು ಮಗ್ಗದ ಮನೆಯ ಹಿಂದಿನ ಕೋಣೆಯ ಬಾಗಿಲಿಂದ ಚಪ್ಪಲಿ ಎತ್ತಿದ, ಹನ್ನೊಂದು ದಿನ ಕೂತ ಬಿಳಿ ನೂಲಿನ ಧೂಳಿನ ನಡುವೆ ಎರಡು ಅಚ್ಚು, ನೋಡಿದ, ನೋಡಿ ಸುಮ್ಮನಾದ, ಸ್ಕೂಟರಿನ ಡಿಕ್ಕಿಯಲ್ಲಿ ಕವರಿಟ್ಟು ಬಂದು ತನ್ನ ಚಪ್ಪಲಿಯನ್ನು ಅಲ್ಲೇ ಪಕ್ಕಕ್ಕೆ ಬಿಟ್ಟು ಒಳಗೆ ಹೋದ, ಅಂಬರೀಶನ ತೀರಿಹೋದ ಅಪ್ಪ ಸೊಣ್ಣಪ್ಪನವರ ಫೋಟೊಗೆ ದೀಪ ಹಚ್ಚಿದ್ದಾರೆ, ಅಲ್ಲಿಗೆ ಮೆಟ್ಟಿಕೊಂಡು ಹೋಗುವುದೇ. ಪೊಲೀಸರು ಬೂಟುಗಾಲಲ್ಲೇ ನುಗ್ಗಿದ್ದರು, ಹೆಂಗಸರು ಮನೆಯೊಳಗಿಂದ ಬರಿಗಾಲಲ್ಲೇ ಬರುವವರು, ಅವರಿಗೆಲ್ಲ ಅದು ಬರೀ ಗೋಡೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟವನಿಗೆ ಮಾತ್ರ ಗೋಡೆ ದಾರಿ ಬಿಡುತ್ತದೆ, ಫೋಟೊ ನೋಡಲೆಂದು ಗೋಡೆಗೆ ಊರಿದ ಇವನ ಕೈ ಒಳಗೆ ಹೋಯಿತು, ಮೈ ಹೋಯಿತು, ಆ ಕಡೆಯೂ ಅದೇ ಮಗ್ಗದ ಮನೆ, ಅದೇ ಊರು, ಆದರೆ ಅಂಗಳದ ಬೇವಿನ ಮರ ಎಡಕ್ಕೆ, ಮಗ್ಗ ನಾಲ್ಕಲ್ಲ ಆರು, ಫೋಟೊದಲ್ಲಿದ್ದ ಸೊಣ್ಣಪ್ಪ ಕಂಬಳಿ ಹೊದ್ದು ಮಂಚದ ಮೇಲೆ ಕೆಮ್ಮುತ್ತ, ಪಕ್ಕದಲ್ಲಿ ಅಂಬರೀಶ ಗಂಜಿ ಕುಡಿಸುತ್ತ. ಇದು ಇನ್ನೊಂದು ಲೋಕ ಸರ್, ಇಲ್ಲಿ ಅಪ್ಪ ಸತ್ತಿಲ್ಲ, ನಾನ್ ಹುಟ್ಟಿಲ್ಲ, ಮೊದ್ಲು ದಿನಾ ಒಂದ್ಗಂಟೆ ಬಂದು ಮಾತಾಡ್ಕೊಂಡ್ ಹೋಗ್ತಿದ್ದೆ, ಜ್ವರ ಬಂತು ನೋಡಿ, ಬಿಟ್ಟು ಬರೋಕಾಗ್ಲಿಲ್ಲ, ಈಗ ಇಳಿದಿದೆ, ನಡೀರಿ ಹೋಗೋಣ, ಪ್ರಮೋದಾ ಉಗೀತಾಳೆ, ಎಂದು ನಗುತ್ತಲೇ ಎದ್ದು ಬಂದ. ಮನೋಹರನ ಕೈ ಗೋಡೆಯಲ್ಲಿ ಮುಳುಗಿತು, ಅಂಬರೀಶನ ಕೈ ಸುಣ್ಣಕ್ಕೆ ಬಡಿಯಿತು, ಮತ್ತೆ ಬಡಿಯಿತು. ನನ್ ಚಪ್ಪಲಿ ಯಾರಾದ್ರೂ ಮುಟ್ಟಿದ್ರಾ ಸರ್. ಇಲ್ಲಪ್ಪ, ಎಂದುಬಿಟ್ಟ, ಯಾಕೆ ಅಂದೆ, ನಾಚಿಕೆಯಾಗಿ ಅಂದೆ. ಹಂಗಾರೆ ಕೋಳಿ ಒದ್ದಿರ್ಬೇಕು, ಒಂದ್ಸಲ ಹಿಂಗೇ ಆಗಿತ್ತು, ಅವ್ವ ಸರಿ ಮಾಡಿದ್ಮೇಲೆ ದಾರಿ ಬಿಡ್ತು, ನಾನು ಬಿಟ್ಟ ಹಾಗೇ ಇರ್ಬೇಕು, ಅಷ್ಟೇ, ನೀವು ಹೋಗಿ ಇಟ್ಬಿಡಿ, ನಾನಿಲ್ಲೇ ಕೈ ಇಟ್ಕೊಂಡ್ ನಿಂತಿರ್ತೀನಿ, ಎಂದ ಆ ನಂಬಿಕೆಯ ಮುಖ.

ಹಿಂದಿರುಗಿ ಡಿಕ್ಕಿಯಿಂದ ಚಪ್ಪಲಿ ತಂದರೆ ಬಾಗಿಲು ಒದ್ದೆ, ಧೂಳೂ ಇಲ್ಲ ಅಚ್ಚೂ ಇಲ್ಲ, ಅತ್ತೆ ಹನ್ನೊಂದ್ ದಿನದಿಂದ ಇಲ್ಲಿ ಪೊರಕೆ ಮುಟ್ಟೋಕೆ ಬಿಟ್ಟಿಲ್ಲ ಸರ್, ಮಗನ ಚಪ್ಪಲಿ ಹಂಗೇ ಇರ್ಲಿ ಅಂತ, ಇವತ್ತು ಅವ್ರು ಹಿಂಡಿ ತರೋಕೆ ಹೋಗಿದ್ರು, ನೀವೂ ಚಪ್ಪಲಿ ಎತ್ಕೊಂಡ್ರಿ, ಗುಡಿಸಿ ನೀರು ಹಾಕ್ದೆ, ಎಂದಳು ಪ್ರಮೋದಾ. ಅವಳನ್ನು ಏನೆಂದು ಬೈಯಲಿ. ಬೆರಳು ಗೋಡೆಗೆ ಮಾಡಿಟ್ಟ, ಒಳಗೆ ಹೋಗಿ ಕರೆದ, ಯಾರೂ ಬರಲಿಲ್ಲ, ಅಂಗಳಕ್ಕೆ ಮಾಡಿಟ್ಟ, ಎಡದ ಮೇಲೆ ಬಲ, ಬಲದ ಮೇಲೆ ಎಡ, ಒಂದಂಗುಲ ಆಚೆ, ಒಂದಂಗುಲ ಈಚೆ, ಎಷ್ಟು ಬಗೆಯಲ್ಲಿ ಬಿಡಬಹುದು ಎರಡು ಚಪ್ಪಲಿಯನ್ನು, ಫೋಟೊ ಹಿಡಿದಿದ್ದರೆ, ಊರಿನದೆಲ್ಲ ಫೋಟೊ ಹಿಡಿಯುವ ಫೋನು ಜೇಬಿನಲ್ಲೇ ಇತ್ತು. ಬೀದಿಯ ತಿರುವಿನಲ್ಲಿ ಹಿಂಡಿ ಚೀಲ ಹೊತ್ತು ಅನುಸೂಯಮ್ಮ ಬರುತ್ತಿದ್ದಾಳೆ, ಅಂಬರೀಶನ ತಾಯಿ, ಹೇಗೆ ಬಿದ್ದಿದ್ದವೆಂದು ಬಲ್ಲವಳು ಅವಳೊಬ್ಬಳೇ, ಅವಳನ್ನು ಕೇಳಬೇಕೆಂದರೆ ಕದಲಿಸಿದವನು ನಾನೇ ಎಂದು ಹೇಳಬೇಕು, ಓಡಿಹೋದ ಎಂದು ವರದಿ ಕೊಟ್ಟು ಸ್ಕೂಟರ್ ಹತ್ತಬಹುದು, ಯಾರು ಕೇಳುತ್ತಾರೆ — ಆಕೆ ಬಂದೇ ಬಿಟ್ಟಳು, ಒದ್ದೆ ನೆಲ ನೋಡಿದಳು, ಯಾರಪ್ಪ ಇದ್ನ ಮುಟ್ಟಿದ್ದು, ಮಗ ಕೇಳಿದ್ದ ಮಾತೇ, ಈ ಸಲ ಸುಳ್ಳು ಬಾಯಿಗೆ ಬರಲಿಲ್ಲ, ನಾನೇ ಕಣಮ್ಮ, ಹೆಂಗಿದ್ವೋ ಹಂಗೇ ಇಟ್ರೆ ನಿಮ್ ಮಗ ಬರ್ತಾನೆ. ಆಕೆ ಚೀಲ ಇಳಿಸಿ ಕುಕ್ಕರಗಾಲಲ್ಲಿ ಕೂತಳು, ಹಳದಿ ನೂಲಿನ ಚಪ್ಪಲಿ ಎತ್ತಿ ಬೆರಳನ್ನು ಗೋಡೆಗೆ ತಿರುಗಿಸಿದಳು, ಅಂಗಳಕ್ಕೆ ತಿರುಗಿಸಿದಳು, ಮತ್ತೆ ಗೋಡೆಗೆ, ಕೈ ಅಲ್ಲೇ ಗಾಳಿಯಲ್ಲಿ ನಿಂತಿತು, ದಿನಾ ನೋಡ್ತಿದ್ನಲ್ಲಪ್ಪ, ಎಂದಳು ಮೆಲ್ಲಗೆ, ದಿನಾ ನೋಡ್ತಿದ್ದೆ, ಬಿಳಿ ಧೂಳು, ಧೂಳಿನ ನಡುವೆ ಎರಡು ಅಚ್ಚು, ಬೆರಳು ಗೋಡೆಗೆ, ಬೆರಳು ಅಂಗಳಕ್ಕೆ, ಎರಡು ಅಚ್ಚು, ಬೆರಳು —