ತಪ್ಪುವ ಬಡಿತ

ಒಂದು ಕಾಲದಲ್ಲಿ, ದಿಲ್ಲಿಯೆಂಬ ರಾಜಧಾನಿಯ ಆರ್.ಕೆ.ಪುರಂನಲ್ಲಿ, ನಾಲ್ಕು ಹೆಜ್ಜೆಗೊಮ್ಮೆ ಎಡವುವ ಕುದುರೆಯೊಂದಿತ್ತು. ಅದರ ಎಡವು ಬಿಡಿಸುತ್ತೇನೆಂದು ಮಗಳೊಬ್ಬಳು ಸಾಯುವ ಅಪ್ಪನಿಗೆ ಮಾತು ಕೊಟ್ಟಿದ್ದಳು. ಕುದುರೆಯೆಂದರೆ ಗುಮಾಸ್ತ ವೆಂಕಟಸುಬ್ಬಯ್ಯನವರ ಹಳೆಯ ಬೈಕು. ಮಗಳೆಂದರೆ ಹಂಸಾ. ಈಗ ಅವಳು ಕ್ವಾರ್ಟರ್ಸಿನ ಅಂಗಳದಲ್ಲಿ, ಜನವರಿಯ ಮಂಜಿನಲ್ಲಿ, ದುಪಟ್ಟಾ ಸೊಂಟಕ್ಕೆ ಬಿಗಿದು ಕಿಕ್ ಹೊಡೆಯುತ್ತಿದ್ದಳು.

ಎಂಜಿನ್ ಹತ್ತಿಕೊಂಡಿತು. ಡುಗ್ ಡುಗ್ ಡುಗ್, ಆಮೇಲೊಂದು ಖಾಲಿ. ಮತ್ತೆ ಡುಗ್ ಡುಗ್. ಕೆಮ್ಮಿ ನಿಂತಿತು.

"ವೆಂಕೂ ಬಂದ," ಎಂದು ಒಳಗಿನಿಂದ ಇಂದಿರಮ್ಮನ ದನಿ ಕೇಳಿತು. ಅಪ್ಪನ ಅಕ್ಕ, ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಆ ಎಡವುವ ಸದ್ದು ಕೇಳಿದರೆ ಸಾಕು, ಗೋಡೆ ಹಿಡಿದು ಹೋಗಿ ಚಿಲಕ ತೆಗೆಯುತ್ತಿದ್ದಳು. ಅವಳ ಎದುರಿಗೇ ಆ ವೆಂಕೂವಿನ ಹೆಣವನ್ನು ಚಾಪೆಯ ಮೇಲೆ ಮಲಗಿಸಿದ್ದರು. ಯಾರೋ ಅವಳನ್ನು ಮತ್ತೆ ಹಿಡಿದು ಕೂರಿಸಿದರು.

ಹಂಸಾಳ ತಮ್ಮ ಅನೂಪ್ ಹೊರಗೆ ಬಂದ. "ಅಕ್ಕ, ಚಲೋ. ವ್ಯಾನಿನವನು ಬೈತಿದಾನೆ. ಸ್ಮಶಾನಕ್ಕೆ ನನ್ನ ಕಾರಲ್ಲೇ ಬಾ ನಾ."

"ಅಪ್ಪ ಕಾರಲ್ಲಿ ಬಾ ಅನ್ನಲಿಲ್ಲ."

*

ಆಸ್ಪತ್ರೆಯಲ್ಲಿ ಅಪ್ಪ ಆಮ್ಲಜನಕದ ಮುಖವಾಡ ಸರಿಸಿ ಹೇಳಿದ್ದು ಅಷ್ಟೇ. "ನನ್ನ ಹಿಂದೆ ಬೈಕಲ್ಲೇ ಬಾ. ದಾರೀಲಿ ಅದು ಮಿಸ್ ಹೊಡೀಬಾರದು, ಎಡವಬಾರದು. ನನ್ನ ಕೈಲಿ ಆಗಲಿಲ್ಲ, ನೀನು ಸರಿ ಮಾಡು."

ಆಗಲಿ ಎಂದಿದ್ದಳು. ಅಪ್ಪನಿಗೆ ಸಿಗದ ದೋಷ ತನಗೆಲ್ಲಿ ಸಿಗಬೇಕು ಎಂದು ಆಗಲೇ ಅನ್ನಿಸಿತ್ತು.

*

ಅಪ್ಪನ ಕಚೇರಿಯ ಗೆಳೆಯ ಏಕನಾಥ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಭಾನುವಾರ ಬಂತೆಂದರೆ ಇಬ್ಬರೂ ಇದನ್ನು ಬಿಚ್ಚಿ ಹರವುತ್ತಿದ್ದರು. ಪ್ಲಗ್ ಬದಲಿಸಿದ್ದಾಯಿತು, ಕಾರ್ಬೊರೇಟರ್ ತೊಳೆದದ್ದಾಯಿತು, ಕಾಯಿಲ್, ವೈರು, ಎಲ್ಲ ಹೊಸದು ಎಂದು ಅವನು ಒಂದೊಂದನ್ನೇ ಮುಟ್ಟಿ ಹೇಳಿದ.

"ಇದು?" ಹಂಸಾ ಎಂಜಿನ್ನಿನ ಪಕ್ಕದ ದುಂಡು ಮುಚ್ಚಳ ತೋರಿಸಿದಳು.

ಏಕನಾಥ ನೆಲ ನೋಡಿದ. "ಅದರೊಳಗೆ ಪಾಯಿಂಟ್ ಇದೆ, ಕಿಡಿಯ ಲೆಕ್ಕ ಇಡೋದು ಅದೇ. ಗಾಡಿ ಎಡವೋಕೆ ಶುರುವಾದ ಮೇಲೆ ನಿಮ್ಮಪ್ಪ ಒಂದು ದಿನಾನೂ ಬಿಚ್ಚೋಕೆ ಬಿಡಲಿಲ್ಲ ಮಗಳೇ. ಕೇಳಿದ್ರೆ, ಅಲ್ಲಿ ಏನೂ ಇಲ್ಲ ಅಂತಿದ್ದ."

ಅವಳು ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದಳು. ಮುಚ್ಚಳ ಕೈಗೆ ಬಂತು.

ಒಳಗೆಲ್ಲ ಕುಂಕುಮ. ಎಣ್ಣೆ ಕುಡಿದು ಕಪ್ಪುಗೆಂಪಾಗಿ ಗಟ್ಟಿಕಟ್ಟಿದ ಕುಂಕುಮ. ಅಂಚಿನಲ್ಲಿ ಉಂಗುರಬೆರಳಿನ ಗುರುತು ಮಾತ್ರ ಇನ್ನೂ ನಿಚ್ಚಳವಾಗಿತ್ತು.

*

ಆಯುಧಪೂಜೆಯ ದಿನ ಅಪ್ಪ ಆ ಮುಚ್ಚಳ ತೆಗೆದು ಒರೆಸಿಡುತ್ತಿದ್ದರು. ಅಮ್ಮ ವಿಮಲಾ ತಟ್ಟೆ ಹಿಡಿದು ಬಂದು, ಹೆಡ್‌ಲೈಟಿಗೆ ಕುಂಕುಮ ಇಟ್ಟ ಮೇಲೆ ಸೀದಾ ಅಲ್ಲಿಗೇ ಬೆರಳು ಚಾಚುತ್ತಿದ್ದಳು.

"ಅಲ್ಲಿ ಬೇಡ ಕಣೇ, ಗಾಡಿ ಮಿಸ್ ಹೊಡಿಯುತ್ತೆ."

"ಬೆಂಕಿ ಹುಟ್ಟೋದು ಇಲ್ಲೇ ಅಂತ ನೀವೇ ತಾನೆ ಹೇಳಿದ್ದು? ಮತ್ತೆ ದೇವರು ಟೈರಲ್ಲಿ ಕೂತಿರ್ತಾನಾ?"

ಅಪ್ಪ ಗೊಣಗಿ, ಮಾರನೆಯ ದಿನ ಅವಳಿಗೆ ಕಾಣದಂತೆ ಅದನ್ನು ಒರೆಸಿಬಿಡುತ್ತಿದ್ದರು. ಕೊನೆಯ ವರ್ಷ ಮಾರನೆಯ ದಿನವೇ ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳು ತಿರುಗಿ ಮನೆಗೆ ಬರಲಿಲ್ಲ. ಗಾಡಿ ಎಡವತೊಡಗಿದ್ದು ಆಮೇಲೆ.

*

"ದೋಷ ಇಲ್ಲೇ ಅಂತ ಗೊತ್ತಿತ್ತು ಅವನಿಗೆ," ಎಂದ ಏಕನಾಥ.

ಒಳಗೆ ಪುರೋಹಿತರ ಮಂತ್ರ ನಿಂತಿತು. ನಾಲ್ವರು ಹೆಗಲು ಕೊಟ್ಟು ಅಪ್ಪನನ್ನು ಹೊರಗೆ ತಂದರು. ವ್ಯಾನಿನ ಹಿಂಬಾಗಿಲು ತೆರೆದುಕೊಂಡಿತು. ಅನೂಪ್ ಮಡಕೆಯಲ್ಲಿ ಕೆಂಡ ಹಿಡಿದು ಅಕ್ಕನ ಕಡೆ ನೋಡಿದ.

ಹಂಸಾ ದುಪಟ್ಟಾದ ಅಂಚನ್ನು ಪೆಟ್ರೋಲಿನಲ್ಲಿ ಅದ್ದಿದಳು. ಪಾಯಿಂಟಿನ ಸಂದು ಒರೆಸಿದಳು, ಸುತ್ತಲೂ ಒರೆಸಿದಳು. ಬೆರಳಿನ ಗುರುತಿನ ಮುಂದೆ ಕೈ ನಿಂತಿತು. ಅದನ್ನು ಬಿಟ್ಟರೆ ಪುಡಿ ಉದುರಿ ಮತ್ತೆ ಸಂದಿಗೇ ಬೀಳುತ್ತದೆಂದು ಏಕನಾಥ ಮೆಲ್ಲಗೆ ಹೇಳಿದ. ಅವಳು ಅದನ್ನೂ ಒರೆಸಿದಳು. ಲೋಹ ಬೆಳ್ಳಗೆ ಕಂಡಿತು, ಅಲ್ಲಿ ಎಂದೂ ಯಾರ ಬೆರಳೂ ತಾಗಿಯೇ ಇಲ್ಲವೆಂಬಂತೆ.

ಮುಚ್ಚಳ ಹಾಕಿ ಕಿಕ್ ಹೊಡೆದಳು.

ಡುಗ್ ಡುಗ್ ಡುಗ್ ಡುಗ್. ಖಾಲಿ ಬರುವ ಜಾಗಕ್ಕಾಗಿ ಅವಳು ಉಸಿರು ಹಿಡಿದು ಕಾದಳು. ಅದು ಬರಲಿಲ್ಲ.

ಬಾಗಿಲಲ್ಲಿ ಇಂದಿರಮ್ಮ ಗೋಡೆ ಹಿಡಿದು ನಿಂತಿದ್ದಳು. ಆ ಸದ್ದಿಗೆ ಕಿವಿಗೊಟ್ಟು, ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದಳು.

"ಯಾರೋ ಹೊಸಬರು ಬಂದರು ಅಂತ ಕಾಣುತ್ತೆ," ಎಂದಳು. "ದಾರಿ ಬಿಡಿ."